ನಾಲ್ಕನೆಯ ಅಂಚು

ಅಮ್ಮ ತೀರಿಕೊಂಡ ಮೇಲೆ ನನ್ನ ಕೈಗಳಿಗೆ ಕೆಲಸ ಇಲ್ಲದಂತಾಯಿತು. ಹನ್ನೊಂದು ವರ್ಷ ಅವಳಿಗೆ ನೀರು ಹಾಕಿ, ತಲೆ ಬಾಚಿ, ಅನ್ನ ಕಲಸಿ ಉಣಿಸಿದ್ದೆ. ಕೊನೆಯ ವರ್ಷಗಳಲ್ಲಿ ಅವಳಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ‘ಈಕಿ ಯಾರೋ ಪಾಪ, ಛಂದ ನೋಡ್ಕೋತಾಳ’ ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದಳು. ಸತ್ಯನಾರಾಯಣಪೇಟೆಯ ಆ ಮನೆಯಲ್ಲಿ ಆಮೇಲೆ ಉಳಿದವಳು ನಾನೊಬ್ಬಳೇ. ನನಗೆ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಕುರುಗೋಡಿನ ಶಾಲೆಗೆ ಹೋಗಿ ಗಣಿತ ಕಲಿಸುವುದು, ಸಂಜೆ ಬಂದು ಬೀಗ ತೆಗೆಯುವುದು, ಇಷ್ಟೇ.

ಶಾಲೆಯಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳಾದ ಒಬ್ಬ ಕನ್ನಡ ಟೀಚರ್ ಇದ್ದಳು. ಸಿರುಗುಪ್ಪದ ಮುಸ್ಲಿಂ ಮನೆತನದ ಹೆಣ್ಣುಮಗಳು. ಒಂದು ದಿನ ಊಟದ ಬಿಡುವಿನಲ್ಲಿ ನನ್ನ ಮುಂದೆ ಬಂದು ಕೂತು, ಸೆರಗನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿದಳು. ನೋಡಿದರೆ, ಸೆರಗಿನ ತುದಿಯ ಎಳೆಗಳನ್ನು ನಾನು ಒಂದು ಬೆರಳುದ್ದ ಕಿತ್ತು ಹಾಕಿದ್ದೆ.

“ಅಕ್ಕಾರ, ಐತವಾರ ನನ್ನ ಜೋಡಿ ಕೌಲ್ ಬಜಾರಿಗೆ ಬರ್ರಿ,” ಅಂದಳು. “ಅಲ್ಲೊಬ್ಬ ಅಮ್ಮಾರ ಅದಾರ. ಲೇಸ್ ಕಲಿಸ್ತಾರ. ನಾನೂ ಅಲ್ಲೇ ಕಲಿಯಾಕತ್ತೀನಿ.”

ಕೌಲ್ ಬಜಾರಿನ ಒಂದು ಸಂದಿಯಲ್ಲಿ, ವೆಲ್ಡಿಂಗ್ ಅಂಗಡಿಯ ಹಿಂದೆ, ಆ ಮುದುಕಿಯ ಎರಡು ಕೋಣೆಯ ಮನೆ. ಮಿಷನ್ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು. ಹಾಸ್ಟೆಲಿನಲ್ಲಿ ಬೆಳೆಯುವ ಹುಡುಗಿಯಾಗಿದ್ದಾಗ ಸಿಸ್ಟರುಗಳಿಂದ ಲೇಸು ಕಲಿತಿದ್ದಳಂತೆ. ಊರಿನ ಜನಕ್ಕೆಲ್ಲ ಅವಳು ಟೀಚರಮ್ಮ. ನಾವು ಅಂಗಡಿಯಲ್ಲಿ ಕೊಳ್ಳುವ ಲೇಸಲ್ಲ ಅದು, ಕ್ರೋಶಾ ಕಡ್ಡಿಯದೂ ಅಲ್ಲ. ಗಟ್ಟಿಯಾದ ಒಂದು ದಿಂಬು, ಅದರ ಮೇಲೆ ನಮೂನೆಗೆ ತಕ್ಕಂತೆ ತೂತು ಚುಚ್ಚಿದ ರಟ್ಟು, ಆ ತೂತುಗಳಲ್ಲಿ ಗುಂಡುಸೂಜಿ. ದಾರ ಸುತ್ತಿದ ಗೇಣುದ್ದಕ್ಕೂ ಕಮ್ಮಿಯ ಮರದ ಕಡ್ಡಿಗಳು ಜೋಡಿ ಜೋಡಿಯಾಗಿ ಜೋತುಬಿದ್ದಿರುತ್ತವೆ. ಒಂದು ಸಲಕ್ಕೆ ನಾಲ್ಕು ಕಡ್ಡಿ ಕೈಗೆ ತಗೊಂಡು ದಾಟಿಸಬೇಕು, ತಿರುವಬೇಕು, ಸೂಜಿ ಚುಚ್ಚಬೇಕು. ದಾಟಿಸುವುದು, ತಿರುವುವುದು, ಎರಡೇ ವಿದ್ಯೆ. ಆದರೆ ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಟೀಚರಮ್ಮನ ಕೈ ಆಗಲೇ ನಡುಗುತ್ತಿತ್ತು. ಕಡ್ಡಿ ಹಿಡಿಯಲು ಆಗುತ್ತಿರಲಿಲ್ಲ. ಬಾಯಲ್ಲಿ ಹೇಳುತ್ತಿದ್ದಳು, ಸಿರುಗುಪ್ಪದವಳು ಮಾಡಿ ತೋರಿಸುತ್ತಿದ್ದಳು, ನಾನು ನೋಡಿ ಮಾಡುತ್ತಿದ್ದೆ. ನನ್ನ ದಿಂಬಿಗೆ ತುಂಬಲು ಸಿರುಗುಪ್ಪದವಳು ತನ್ನೂರಿಂದ ಭತ್ತದ ಹುಲ್ಲು ತಂದು, ಸಣ್ಣಗೆ ಕತ್ತರಿಸಿ, ಕೊಡತಿಯಿಂದ ಬಡಿದು ಬಡಿದು ಕಲ್ಲಿನಂತೆ ಗಟ್ಟಿ ಮಾಡಿಕೊಟ್ಟಳು. ಮೊದಲ ತಿಂಗಳೆಲ್ಲ ನಾನು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ನಾನು ಸಿಟ್ಟಿಗೆ ಬಂದರೆ ಅವಳು ದಿಂಬನ್ನು ತನ್ನ ತೊಡೆಗೆ ಎಳೆದುಕೊಂಡು, ತಪ್ಪಿದ ಜಾಗದವರೆಗೂ ಒಂದೊಂದೇ ಸೂಜಿ ಕಿತ್ತು ಹಿಂದಕ್ಕೆ ಹೋಗುತ್ತಿದ್ದಳು. ಟೀಚರಮ್ಮ ಕಣ್ಣು ಮುಚ್ಚಿ, ಆಗಿದ್ದಷ್ಟು ಲೇಸನ್ನು ನಡುಗುವ ಬೆರಳಿಂದ ಸವರಿ, “ಇಲ್ಲಿ ಒಂದು ತಿರುವು ನುಂಗಿದಿ ನೋಡವ್ವ,” ಅನ್ನುತ್ತಿದ್ದಳು. ಬೆರಳು ಇಟ್ಟಲ್ಲೇ ತಪ್ಪು ಇರುತ್ತಿತ್ತು.

ಎರಡನೆಯ ವರ್ಷ ಒಂದು ಮಧ್ಯಾಹ್ನ ಅವಳು ಟ್ರಂಕಿನಿಂದ ಒಂದು ಬಿಳಿ ಬಟ್ಟೆ ತೆಗೆಸಿದಳು. ಅಂಚು ಮಡಿಸಿ ಹೊಲಿದ ದಪ್ಪ ಹತ್ತಿಯ ಬಟ್ಟೆ.

“ಮಣ್ಣು ಮಾಡೋವಾಗ ಪೆಟ್ಟಿಗ್ಯಾಗ ನನ್ನ ಮ್ಯಾಲೆ ಹೊದಿಸೋದು,” ಅಂದಳು, ಮೇಜಿನ ಹಾಸಿನ ಮಾತು ಆಡುವವರ ಹಾಗೆ. “ನಾಲ್ಕೂ ಕಡಿ ಲೇಸ್ ನಾನ ಹಾಕ್ಕೋಬೇಕಂತಿದ್ದೆ. ಕೈ ಮಾತು ಕೇಳಲಿಲ್ಲ. ನೀವಿಬ್ರೂ ಹಾಕಿಕೊಡ್ರಿ.”

ನಾವು ಹಂಚಿಕೊಂಡೆವು. ಉದ್ದದ ಎರಡು ಅಂಚು ಸಿರುಗುಪ್ಪದವಳಿಗೆ, ಗಿಡ್ಡನೆಯ ಎರಡು ನನಗೆ. ಬೇರೆ ಬೇರೆ ಮಾಡಿ ಕೊನೆಗೆ ಹೊಲಿಯುವುದೆಂದು ಮಾತಾಯಿತು. ಅಷ್ಟರಲ್ಲಿ ಅವಳಿಗೆ ಸಿರುಗುಪ್ಪಕ್ಕೇ ವರ್ಗವಾಯಿತು. ದಿಂಬನ್ನು ಹಳೆಯ ಚಾದರದಲ್ಲಿ ಕಟ್ಟಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಸ್ಸು ಹತ್ತಿದಳು. ದಿನಾ ಸಂಜೆ ಮಗ್ರಿಬ್ ನಮಾಜ್ ಆದಮೇಲೆ ಒಂದು ತಾಸು ಕೂಡುತ್ತಾಳೆಂದು ಫೋನಿನಲ್ಲಿ ಹೇಳುತ್ತಿದ್ದಳು.

ನಾನು ಒಂದು ಅಂಚು ಮುಗಿಸಿದೆ. ಎರಡನೆಯದು ಎರಡು ಗೇಣಾದಾಗ ನಿಂತಿತು. ಅದು ಮುಗಿದರೆ ಟೀಚರಮ್ಮ ಹೋಗಿಬಿಡುತ್ತಾಳೆ ಎಂಬ ಅಂಜಿಕೆಯಿಂದ ನಿಲ್ಲಿಸಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಒಂದಿಷ್ಟು ಇದ್ದೀತು. ಆದರೆ ನಿಜ ಅಂದರೆ ನನಗೆ ಬೇಸರ ಬಂದಿತ್ತು. ಇನ್ನೊಬ್ಬ ಮುದುಕಿಯ ಕೊನೆಗಾಲ ನೋಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಪರೀಕ್ಷೆಯ ಪೇಪರು, ಜನಗಣತಿಯ ಟ್ರೇನಿಂಗು, ಬಿಸಿಲು, ಹೇಳಲಿಕ್ಕೆ ಏನಾದರೊಂದು ಇರುತ್ತಿತ್ತು. ಭಾನುವಾರ ಹೋಗುವುದು ತಿಂಗಳಿಗೊಮ್ಮೆಯಾಯಿತು.

ಹೋದಾಗ ಅವಳು ಹಾಸಿಗೆಯಲ್ಲೇ ಇರುತ್ತಿದ್ದಳು.

“ಎಲ್ಲಿ ತನಕ ಬಂತವ್ವ?”

“ಆತು ಟೀಚರಮ್ಮ. ಇನ್ನೊಂದು ಗೇಣು ಅದ ಅಷ್ಟ.”

“ಬರೋವಾಗ ತಗೊಂಬಾ. ಮುಟ್ಟಿ ನೋಡ್ತೀನಿ.”

“ತರ್ತೀನಿ,” ಅಂದೆ. ಹೀಗೆ ಮೂರು ಸಲ ಅಂದೆ. ನಾಲ್ಕನೆಯ ಸಲ ಅವಳು ಕೇಳಲಿಲ್ಲ. ಚಹಾ ಕುಡಿದೆಯಾ ಎಂದಷ್ಟೇ ವಿಚಾರಿಸಿದಳು.

ಒಂದು ಗುರುವಾರ ಎರಡನೆಯ ಪೀರಿಯಡ್‌ನಲ್ಲಿ ಅವಳ ತಂಗಿಯ ಮಗ ಫೋನು ಮಾಡಿದ. ಬೆಳಿಗ್ಗೆ ಹೋಗಿಬಿಟ್ಟಿದ್ದಳು. ಸಂಜೆ ನಾಲ್ಕಕ್ಕೆ ಮಣ್ಣು. ನಾನು ಸಿರುಗುಪ್ಪಕ್ಕೆ ಫೋನು ಹಚ್ಚಿ, ಕುರುಗೋಡಿನಿಂದ ಬಳ್ಳಾರಿಗೆ ಬಂದು, ಮನೆಗೆ ಹೋಗಿ ನನ್ನ ಲೇಸು ತೆಗೆದೆ. ಒಂದು ಪೂರ್ತಿ ಅಂಚು. ಇನ್ನೊಂದು ದಿಂಬಿನ ಮೇಲೇ ಇತ್ತು, ಎರಡು ಗೇಣು, ಅದರ ಸೂಜಿಗಳಿಗೆ ತುಕ್ಕು ಹಿಡಿದು ದಾರದಲ್ಲಿ ಕಂದು ಚುಕ್ಕೆ ಮೂಡಿದ್ದವು. ಅದನ್ನು ಕತ್ತರಿಸಲಿಲ್ಲ. ಹಾಗೇ ಬಿಟ್ಟು, ಕೌಲ್ ಬಜಾರಿಗೆ ಆಟೋ ಹತ್ತಿ, ದಾರಿಯಲ್ಲಿ ಫಾಲ್ಸು, ಗುಂಡಿ ಮಾರುವ ಅಂಗಡಿಯ ಮುಂದೆ ಇಳಿದೆ. ಬಿಳಿ ಲೇಸು ಬೇಕು ಅಂದೆ. ಅಂಗಡಿಯವ ರೋಲು ಬಿಚ್ಚಿ, “ಲಂಗಕ್ಕೇನ್ರಿ?” ಅಂದ. ಹೂಂ ಅಂದೆ.

ಸಿರುಗುಪ್ಪದವಳು ನನಗಿಂತ ಮೊದಲೇ ಬಂದಿದ್ದಳು. ಎರಡೂ ಉದ್ದನೆಯ ಅಂಚುಗಳನ್ನು ಹೊಲಿದು ಮುಗಿಸಿ, ದಾರ ಪೋಣಿಸಿದ ಸೂಜಿ ಹಿಡಿದು ಒಳಕೋಣೆಯಲ್ಲಿ ನನಗಾಗಿ ಕಾಯುತ್ತಿದ್ದಳು. ನಾನು ಕೊಟ್ಟಿದ್ದನ್ನು ನೋಡಿದಳು. ಮಶೀನಿನ ಲೇಸನ್ನು ಬೆರಳಲ್ಲಿ ಒಮ್ಮೆ ತಿಕ್ಕಿದಳು. ಅದನ್ನು ಕಾಲ ಕಡೆಯ ಅಂಚಿಗೆ ಹಾಕಿ ಸಣ್ಣ ಸಣ್ಣ ಹೊಲಿಗೆಯಲ್ಲಿ ಹೊಲಿದಳು, ನಾನು ತಲೆಯ ಕಡೆಯದನ್ನು ಹೊಲಿದೆ. ಬಂದವರಿಗೆ ಯಾರಿಗೂ ಗೊತ್ತಾಗಲಿಲ್ಲ. ಒಬ್ಬ ಹೆಣ್ಣುಮಗಳು, ಎಷ್ಟು ಛಂದ ಮಾಡೀರವ್ವ, ಪುಣ್ಯ ಬಂತು ನಿಮಗ, ಅಂತ ನಮ್ಮಿಬ್ಬರ ಕೈ ಹಿಡಿದಳು.

ಮಣ್ಣಾದ ಮೇಲೆ ನಾವಿಬ್ಬರೂ ಬಸ್ ಸ್ಟ್ಯಾಂಡಿನ ತನಕ ನಡೆದು ಬಂದೆವು.

“ಒಂದ ಗೇಣು ಅದ ಅಂತ ಆಕಿಗೆ ಸುಳ್ಳು ಹೇಳಿದ್ದೆ,” ಅಂದೆ.

“ಟೀಚರಮ್ಮಗ ಗೊತ್ತಿತ್ತು ಅಕ್ಕಾರ. ಮೂರು ತಿಂಗಳ ಕೆಳಗ ನನಗ ಫೋನ್ ಮಾಡ್ಸಿದ್ರು. ಅಕ್ಕಾರ ಕೈಲಿ ಆಗೂದಿಲ್ಲ, ಅದನ್ನೂ ನೀನ ಹಾಕು ಅಂದ್ರು. ನಾ ಒಲ್ಲೆ ಅಂದೆ. ನಿಮಗ ಅವಮಾನ ಆದಂಗ ಆಗ್ತೈತಿ ಅಂತ.” ಸ್ವಲ್ಪ ದೂರ ಹೋದ ಮೇಲೆ, “ಹಾಕಬೇಕಾಗಿತ್ತು,” ಅಂದಳು.

ಅದಾದ ಮೇಲೆ ಸುಮಾರು ಒಂದು ವರ್ಷ ನಾವು ಹಬ್ಬಕ್ಕೊಮ್ಮೆ ಮೆಸೇಜು ಕಳಿಸಿದ್ದು ಬಿಟ್ಟರೆ ಮಾತಾಡಲಿಲ್ಲ. ಜಗಳವೇನೂ ಇರಲಿಲ್ಲ. ಅವಳ ಹೆಸರು ಫೋನಿನಲ್ಲಿ ಕಂಡರೆ ನನಗೆ ಆ ರೋಲು ಬಿಚ್ಚಿದ ಸಪ್ಪಳ ನೆನಪಾಗುತ್ತಿತ್ತು. ಕೌಲ್ ಬಜಾರಿನ ಮನೆಯನ್ನು ತಂಗಿಯ ಮಗ ಬಾಡಿಗೆಗೆ ಕೊಟ್ಟ. ಟ್ರಂಕಿನಲ್ಲಿದ್ದ ರಟ್ಟುಗಳನ್ನು ಸಿರುಗುಪ್ಪಕ್ಕೆ ಮುಟ್ಟಿಸಿದನಂತೆ.

ಹೋದ ಶ್ರಾವಣದಲ್ಲಿ ಅವಳೇ ಫೋನು ಮಾಡಿ ಕರೆದಳು. ಹೋದೆ. ಭತ್ತದ ಗದ್ದೆಗಳ ನಡುವಿನ ದಾರಿಯಲ್ಲಿ ಬಸ್ಸು ನಿಂತು ನಿಂತು ಹೋಯಿತು. ಅವಳು ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಊಟವಾದ ಮೇಲೆ ಚಾಪೆಯ ಮೇಲೆ ಆ ರಟ್ಟುಗಳನ್ನೆಲ್ಲ ಹರಡಿದಳು. ಟೀಚರಮ್ಮ ನಮಗೆ ಇನ್ನೂ ಕಲಿಸದೆ ಉಳಿದವು. ಬರೀ ತೂತುಗಳು. ದಾರ ಎಲ್ಲಿಂದ ಹೊರಡಬೇಕು, ಎಷ್ಟು ಜೋಡಿ ಬೇಕು, ಯಾವುದರ ಮೇಲೂ ಬರೆದಿರಲಿಲ್ಲ. ಒಂದನ್ನು ಬೆಳಕಿಗೆ ಹಿಡಿದು ಇಬ್ಬರೂ ಬಹಳ ಹೊತ್ತು ನೋಡಿದೆವು.

“ಹೂವು ಏನ್ರಿ ಅಕ್ಕಾರ ಇದು?”

“ಮೀನು ಇದ್ದಂಗ ಅದ.”

ಎಂಟು ಜೋಡಿ ಹಾಕಿ ನೋಡಿದೆವು. ಮೂರನೆಯ ಸಾಲಿಗೆ ಜೋಡಿ ಕಮ್ಮಿ ಬಿದ್ದವು. ಬಿಚ್ಚಿದೆವು. ಬಳ್ಳಾರಿಯ ಬಸ್ಸಿಗೆ ಹೊತ್ತಾಗಿತ್ತು, ನಾನು ಎದ್ದೆ.