ದುಬ್ಲಾನ ಬೆಲೆ, ಟವೆಲಿನ ಕೆಳಗೆ

ಭಾಲ್ಕಿಯ ದನದ ಬಜಾರಿನಲ್ಲಿ ಇಬ್ಬರು ಗಂಡಸರು ಒಂದೇ ಟವೆಲಿನ ಕೆಳಗೆ ಕೈ ಹಿಡಿದುಕೊಂಡು ನಿಂತಿದ್ದರು. ಮಾತಿಲ್ಲ. ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ತಮ್ಮ ಚಪ್ಪಲಿ. ಯಾರಿಗೋ ಹುಷಾರಿಲ್ಲ, ನಾಡಿ ನೋಡುತ್ತಿದ್ದಾರೆ ಎಂದುಕೊಂಡೆ. ಪಕ್ಕದಲ್ಲಿ ಇನ್ನೂ ಈಯದ ಒಂದು ಎಳೆಯ ಎಮ್ಮೆ. ಕಿವಿಯ ತುದಿಯಲ್ಲಿ ಹತ್ತಿಯಂಥ ಕೂದಲು. ಅದು ನನ್ನನ್ನೇ ನೋಡುತ್ತಿತ್ತು.

"ಅಯ್ಯೋ, ಎಷ್ಟು ಚಂದ ಉಂಟು ಇದು!" ಎಂದೆ, ಶಾಲೆಯ ಪ್ರಾರ್ಥನೆಗೆ ನಿಂತವಳಂತೆ ಸ್ಪಷ್ಟವಾಗಿ.

ಟವೆಲ್ ಅಲುಗಿತು. ಒಬ್ಬರು ಕೈ ಹೊರಗೆಳೆದುಕೊಂಡರು. ಅವರು ಎಮ್ಮೆಯ ಮಾಲೀಕರು. ಒಳಗೇ ಉಳಿದದ್ದು ನಮ್ಮ ಮನೆ ಮಾಲಕಿ ಖೈರುನ್ನಿಸಾ ಆಪಾ ಅವರ ತಮ್ಮನ ಕೈ. ಮಾಲೀಕರು ಎಮ್ಮೆಯ ಬೆನ್ನು ಸವರಿ, "ನೋಡ್ರಿ, ಡಾಕ್ಟರ್ ಮನಿಯವ್ರೇ ಹೇಳ್ಯಾರ. ಈಗ ಹಳಿ ರೇಟು ನಡೆಯಂಗಿಲ್ರಿ" ಎಂದರು. ವ್ಯಾಪಾರ ಮುರಿಯಿತು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದು ಇಲ್ಲಿಯ ರೂಢಿ ಎಂದು ನನಗೆ ತಿಳಿದದ್ದು ಆಮೇಲೆ.

ವಾಪಸು ಬರುವಾಗ ಜೀಪಿನಲ್ಲಿ ಆಪಾ ನನ್ನ ಮೊಣಕೈ ತಟ್ಟಿ, "ಬಾಯಿ ಯಾಕ ತೆಗೆದಿರಿ ಬೇಟಿ? ಬಾಯಿ ತೆಗೆದ್ರ ಬಜಾರ ಕೇಳ್ತದ" ಎಂದರು.

"ಚಂದ ಇತ್ತಲ್ಲ ಆಪಾ..."

"ಚಂದ ಇದ್ದದ್ದಕ್ಕೇ ಬಾಯಿ ಮುಚ್ಚಬೇಕು. ಬೇಕಾದ್ದರ ಮ್ಯಾಲ ಕಣ್ಣ ಇಡಬಾರ್ದು. ಬಾಜೂದರ ಮ್ಯಾಲ ಇಡಬೇಕು."

ನನ್ನ ಗಂಡ ಪಶುವೈದ್ಯರು. ಊರು ಬಿಟ್ಟು, ಅಂದರೆ ಮಂಗಳೂರು ಬಿಟ್ಟು, ಇವರ ಕೆಲಸದ ಹಿಂದೆ ಬೀದರಕ್ಕೆ ಬಂದು ನನಗೆ ಎರಡು ವರ್ಷ ಕಳೆದು ಮೂರನೆಯದು ನಡೆಯುತ್ತಿತ್ತು. ಇವರು ದಿನಾ ಔರಾದದ ಕಡೆ ಹೋಗುತ್ತಾರೆ. ನಾನು ನೌಬಾದದಲ್ಲಿ ಆಪಾ ಮನೆಯ ಮೇಲಂತಸ್ತಿನಲ್ಲಿ ಇರುತ್ತೇನೆ. ಮೊದಲ ದಿನ ಈ ಊರಿನ ಮಣ್ಣು, ಕಲ್ಲು ನೋಡಿ ಮೋಸಹೋಗಿದ್ದೆ. ನಮ್ಮ ಕಡೆಯ ಮುರಕಲ್ಲೇ ಇಲ್ಲಿಯೂ. ಅದೇ ಕೆಂಪು, ಅದೇ ತೂತು. ಕಲ್ಲು ಒಂದೇ ಆದರೆ ಮಿಕ್ಕದ್ದೂ ಒಂದೇ ಇರಬಹುದು ಎಂದು ನಂಬಿದ್ದೆ. ಆದರೆ ಅಂಗಡಿಯಲ್ಲಿ "ಕೊತ್ತಂಬರಿ ಉಂಟಾ?" ಎಂದು ಕೇಳಿದರೆ ಅಂಗಡಿಯವರು ನನಗೆ ಉತ್ತರ ಕೊಡದೆ ಪಕ್ಕದವರಿಗೆ "ನೋಡ್ರಿ, ಹ್ಯಾಂಗ ಮಾತಾಡ್ತಾರ!" ಎಂದು ಖುಷಿಯಿಂದ ತೋರಿಸುತ್ತಿದ್ದರು. ಅಲ್ಲಿ ಮೀನು ಹೆಚ್ಚಾಯಿತೆಂದು ಮೂಗು ಮುರಿಯುತ್ತಿದ್ದವಳು ಇಲ್ಲಿ ಬಂಗುಡೆಯ ವಾಸನೆಯನ್ನು ಕನಸಿನಲ್ಲಿ ಕಂಡೆ. ಜೋಳದ ರೊಟ್ಟಿ ಬಡಿಯಲು ಆಪಾ ಕಲಿಸಿದರು. ನನ್ನ ಮೊದಲ ರೊಟ್ಟಿ ನೋಡಿ, "ಇದು ಯಾವ ಮುಲುಕಿನ ನಕಾಶಿ?" ಎಂದರು. ಮುಲುಕು ಎಂದರೆ ದೇಶ.

ಆ ದಿನಗಳಲ್ಲಿ ನನ್ನ ಭಾಷೆಯನ್ನು ಆಡಲು ಉಳಿದದ್ದು ಒಂದೇ ಜಾಗ. ಓದುಗರು ನಗಬಾರದು. ಅದೊಂದು ಅಮೆರಿಕನ್ ಫುಟ್‌ಬಾಲ್ ಲೀಗ್. ಕಾಲಲ್ಲಿ ಒದೆಯುವುದಲ್ಲ, ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ಆಟ.

ಕಾನ್ವೆಂಟಿನಲ್ಲಿ ಒಂದೇ ಬೆಂಚಿನ ಆಚೀಚೆ ಕೂತ ನಾವು ಎಂಟು ಗೆಳತಿಯರು. ಈಗ ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ಶೈಲಾ ಅಮೆರಿಕದಲ್ಲಿದ್ದಾಳೆ. ಬರೀ ಹುಟ್ಟುಹಬ್ಬದ ಶುಭಾಶಯ ಹೇಳಿ ಹೇಳಿ ಗುಂಪು ಸಾಯುತ್ತಿದೆ ಎಂದು ಅವಳೇ ಈ ಆಟ ಶುರುಮಾಡಿದಳು. ಅಲ್ಲಿಯ ನಿಜವಾದ ಆಟಗಾರರನ್ನು ನಾವು ಫೋನಿನಲ್ಲಿ ನಮ್ಮ ನಮ್ಮ ತಂಡಕ್ಕೆ ಹಂಚಿಕೊಳ್ಳುತ್ತೇವೆ. ಅವರು ಮೈದಾನದಲ್ಲಿ ಹಿಡಿದ ಪ್ರತಿ ಚೆಂಡಿಗೂ, ಓಡಿದ ದೂರಕ್ಕೂ ನಮಗೆ ಅಂಕ. ನಮ್ಮದು ಡೈನಾಸ್ಟಿ ಲೀಗ್, ಎಂದರೆ ವಂಶಪಾರಂಪರ್ಯದ್ದು. ವರ್ಷ ಮುಗಿದರೂ ತಂಡ ಕರಗುವುದಿಲ್ಲ. ಇವತ್ತು ತೆಗೆದುಕೊಂಡ ಹುಡುಗ ಆಟ ಬಿಡುವ ತನಕ ನಮ್ಮವನೇ. ಆದ್ದರಿಂದ ಜಾಣತನವೆಲ್ಲ ಎಳೆಯರನ್ನು ಗುರುತಿಸುವುದರಲ್ಲಿದೆ. ಅದರಲ್ಲೂ ವೈಡ್ ರಿಸೀವರ್‌ಗಳನ್ನು. ಅವರು ಮೈದಾನದ ಅಂಚಿನಲ್ಲಿ ದೂರಕ್ಕೆ ಓಡಿ, ಎಸೆದ ಚೆಂಡನ್ನು ಹಿಡಿಯುವವರು. ಅವರು ಮಾಗಲು ಎರಡು ಮೂರು ವರ್ಷ ಬೇಕು. ಅಷ್ಟರಲ್ಲಿ ತಂಡದ ಒಡತಿಯರಿಗೆ ಬೇಸರ ಬಂದು ಕೈಬಿಡುತ್ತಾರೆ.

ಲೀಗಿಗೆ ಒಂದು ನಿಯಮವಿದೆ. ಸತತ ಮೂರು ವರ್ಷ ಕೊನೆಯ ಸ್ಥಾನಕ್ಕೆ ಬಂದವರು ತಂಡವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಶೈಲಾಳ ನಾದಿನಿ ಆಗಲೇ ಕಾಯುತ್ತಿದ್ದಳು. ನಾನು ಬೀದರಕ್ಕೆ ಬಂದ ಎರಡೂ ವರ್ಷ ಕೊನೆಯವಳು.

ಸೋಲಿನ ಕಾರಣ ನನಗೆ ಗೊತ್ತಿತ್ತು. ಯಾವ ಹುಡುಗ ಇಷ್ಟವಾದರೂ ಮೊದಲು ಗುಂಪಿನಲ್ಲಿ ಬರೆಯುತ್ತಿದ್ದೆ. "ಹೇ, ಇವ ಓಡುವುದು ನೋಡಿ ಮಾರಾಯ್ತಿ, ಎಂತ ಚಂದ!" ಮರುದಿನ ಅವನನ್ನು ಯಾರೋ ತೆಗೆದುಕೊಂಡಿರುತ್ತಿದ್ದರು. ಅವರು ಮೋಸಗಾರ್ತಿಯರಲ್ಲ. ನಾನು ಹೇಳಿದೆ, ಅವರು ಕೇಳಿದರು, ಅಷ್ಟೇ. ಭಾಲ್ಕಿಯ ಆ ಮಧ್ಯಾಹ್ನದ ತನಕ ಇದರಲ್ಲಿ ಬೇರೆ ದಾರಿಯಿದೆ ಎಂದೇ ನನಗೆ ಹೊಳೆದಿರಲಿಲ್ಲ. ಲೀಗಿನಿಂದ ಹೊರಬಿದ್ದರೆ ಗುಂಪಿನಿಂದ ಯಾರೂ ತೆಗೆದುಹಾಕುವುದಿಲ್ಲ, ನಿಜ. ಆದರೆ ಅಲ್ಲಿ ಮಾತೆಲ್ಲ ಆಟದ್ದೇ. ಆಡದವಳು ಬಾಗಿಲಲ್ಲಿ ನಿಂತು ಊಟ ನೋಡಿದ ಹಾಗೆ.

ನನ್ನ ಕಣ್ಣಿಗೆ ಬಿದ್ದವನು ಶೈಲಾಳ ತಂಡದಲ್ಲೇ ಇದ್ದ. ಅಲ್ಲಿಯ ದೊಡ್ಡ ಆಟಕ್ಕೆ ಬಂದು ಎರಡನೇ ವರ್ಷದ ಹುಡುಗ. ಹೆಸರು ಬೇಡ. ನನ್ನ ಫೋನಿನಲ್ಲಿ ಅವನನ್ನು ನೋಡಿ ಆಪಾ, "ಈ ದುಬ್ಲಾ ಯಾರ?" ಎಂದರು. ದುಬ್ಲಾ, ಎಂದರೆ ಬಡಕಲು. ಅದೇ ಉಳಿಯಿತು. ಅಂಕ ನೋಡಿದರೆ ಅವನು ಯಾರಿಗೂ ಬೇಡ. ಅಲ್ಲಿ ಅವನು ನಿಜವಾಗಿ ಆಡುವ ತಂಡದಲ್ಲಿ ಹೆಸರುವಾಸಿಯಾದ ಒಬ್ಬ ಹಿರಿಯನಿದ್ದ. ಚೆಂಡೆಲ್ಲ ಅವನಿಗೇ. ನಾನು ಚೆಂಡು ಹೋದ ಕಡೆ ನೋಡುವುದನ್ನು ಬಿಟ್ಟೆ. ಪಾತ್ರೆ ತೊಳೆದಾದ ಮೇಲೆ ಫೋನನ್ನು ಡಬ್ಬಿಗೆ ಒರಗಿಸಿ ದುಬ್ಲಾನ ಕಾಲುಗಳನ್ನಷ್ಟೇ ನೋಡಿದೆ. ವಾರದಿಂದ ವಾರಕ್ಕೆ ಅವನನ್ನು ಹೆಚ್ಚು ಹೊತ್ತು ಮೈದಾನದಲ್ಲಿ ಇಡುತ್ತಿದ್ದರು. ಅವನು ತಿರುಗಿದ ಜಾಗದಲ್ಲಿ, ಕಾವಲಿಗಿದ್ದ ಎದುರಾಳಿಯ ಹಿಮ್ಮಡಿ ಒಂದು ಕ್ಷಣ ತಡವಾಗಿ ತಿರುಗುತ್ತಿತ್ತು. ಅಷ್ಟರಲ್ಲಿ ಇವನು ಒಬ್ಬನೇ, ಸುತ್ತ ಖಾಲಿ ಹುಲ್ಲು. ಎಸೆಯುವವನು ಈ ಕಡೆ ನೋಡುತ್ತಲೇ ಇರಲಿಲ್ಲ. ಇವನು ಮುಖ ಸಿಂಡರಿಸದೆ ಹಿಂದಕ್ಕೆ ನಡೆದು, ಮತ್ತೆ ಮೊದಲಿನಷ್ಟೇ ಜೋರಾಗಿ ಓಡುತ್ತಿದ್ದ. ಬೀದರದ ಮೊದಲ ವರ್ಷ ನಾನೂ ಹಾಗೇ ಅಂಚಿನಲ್ಲಿ ಓಡಿ ಓಡಿ ವಾಪಸು ಬಂದವಳು.

ಆಟಗಾರರ ಅದಲುಬದಲಿಗೆ ಕಡೆಯ ಭಾನುವಾರ ಬಂತು. ಬೆಳಿಗ್ಗೆ ಶೈಲಾಳಿಗೆ ಬರೆದೆ. ಅವಳ ಹತ್ತಿರವಿದ್ದ ಬೇರೊಬ್ಬ ಆಟಗಾರನನ್ನು ಕೇಳಿದೆ, ದುಬ್ಲಾನ ಜೊತೆಯವನಲ್ಲ, ಬೇರೆ ತಂಡದಲ್ಲಿ ಆಡುವ, ವಯಸ್ಸಾದ, ಹೆಸರಿದ್ದವನು. ಬದಲಿಗೆ ನನ್ನ ಅತ್ಯುತ್ತಮ ಓಟಗಾರನನ್ನೇ ಕೊಡುತ್ತೇನೆಂದೆ. ಬಾಜೂದರ ಮೇಲೆ ಕಣ್ಣು. ಅವಳು ಲೆಕ್ಕ ಹಾಕಿದಳು, ಒಪ್ಪುವಂತೆ ಕಂಡಳು. ಆಗ ಬರೆದೆ: "ಹಾಗಾದ್ರೆ ಆ ಬಡಕಲನನ್ನೂ ಸೇರಿಸಿಬಿಡು. ನನ್ನಲ್ಲಿ ಒಂದು ಜಾಗ ಖಾಲಿ ಉಂಟು."

ಅವಳು ಏನೋ ಬರೆಯುತ್ತಿದ್ದಾಳೆ ಎಂದು ಫೋನು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಒಲೆಯ ಮೇಲೆ ಹಸಿ ತೊಗರಿಕಾಯಿ ಬೇಯುತ್ತಿತ್ತು. ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಾಗಲಿಲ್ಲ.

"ಅವ ಎಂತಕ್ಕೆ ನಿಂಗೆ? ಎಂತಾದ್ರೂ ಕಂಡ್ಯಾ ಅವನಲ್ಲಿ?"

ಮೂವತ್ತು ವರ್ಷಗಳಿಂದ ಗೆಳತಿ. ನನ್ನ ಮದುವೆಯ ದಿನ ಮಲ್ಲಿಗೆ ಮುಡಿಸಿದವಳು. ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಕೆಳಗೆ ಆಪಾ ಯಾರನ್ನೋ ಜೋರಾಗಿ ಬೈಯುತ್ತಿದ್ದರು. "ನಕ್ಕೋ! ನಕ್ಕೋ ಬೋಲಿ ನಾ!" ಬೇಡ ಎಂದೆನಲ್ಲ, ಎಂದು ಅರ್ಥ.

"ಎಂತ ಇಲ್ಲ ಮಾರಾಯ್ತಿ," ಎಂದು ಬರೆದೆ.

ಅವಳು ಒಪ್ಪಿದಳು. ದುಬ್ಲಾ ನನ್ನವನಾದ. ತೊಗರಿಕಾಯಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ಆದರೂ ಕಡೆಯ ವಾರದ ಕಡೆಯ ಆಟದ ತನಕ ನಾನು ತಳದಲ್ಲೇ ಇದ್ದೆ. ಅಲ್ಲಿ ಸೋಮವಾರ ರಾತ್ರಿ ಎಂದರೆ ಇಲ್ಲಿ ಮಂಗಳವಾರ ಬೆಳಿಗ್ಗೆ. ಬೇರೆಯವರ ಆಟಗಾರರೆಲ್ಲ ಆಡಿ ಮುಗಿಸಿದ್ದರು. ಉಳಿದವನು ದುಬ್ಲಾ ಒಬ್ಬನೇ. ಇವರು ಔರಾದಕ್ಕೆ ಹೊರಟಾಗ ಆಟ ಅರ್ಧವೂ ಆಗಿರಲಿಲ್ಲ. "ಗೆದ್ದರೆ ಫೋನ್ ಮಾಡು. ಸೋತರೂ ಮಾಡು," ಎಂದು ಹೇಳಿ ಹೋದರು. ಮನೆಯೊಳಗೆ ಸಿಗ್ನಲ್ ಸಾಲದೆ ಶಾಲು ಹೊದ್ದು ತಾರಸಿಗೆ ಹೋದೆ. ಆಪಾ ಚಹಾ ಹಿಡಿದುಕೊಂಡು ಹಿಂದೆಯೇ ಬಂದರು.

"ದುಬ್ಲಾ ಏನ್ ಮಾಡ್ಯಾನ?"

"ಎರಡು ಹಿಡಿದಿದ್ದಾನೆ ಆಪಾ. ಇನ್ನೊಂದು ದೊಡ್ಡದು ಹಿಡಿದರೆ ನಾನು ಉಳಿಯುತ್ತೇನೆ."

"ಮತ್ತ ಅವನ ಕಡೆ ಒಗೀಲಿ ಅಲ್ಲ! ಆ ಒಗೆಯಾಂವಗ ಕಣ್ಣಿಲ್ಲೇನು?"

ಎಸೆಯುವವನು ಮತ್ತೆ ಮತ್ತೆ ಹಿರಿಯನ ಕಡೆಗೇ ಎಸೆದ. ದುಬ್ಲಾ ಒಬ್ಬನೇ ಅಂಚಿನಲ್ಲಿ, ಕೈ ಎತ್ತಿ, ಕೈ ಇಳಿಸಿ. ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಯ ನಿಮಿಷಗಳಲ್ಲಿ ಕಾವಲಿನವರು ಇಬ್ಬಿಬ್ಬರಾಗಿ ಹಿರಿಯನ ಮೇಲೆ ಬಿದ್ದರು. ಆಗ ಚೆಂಡು ಈ ಕಡೆ ಹಾರಿತು, ಸ್ವಲ್ಪ ಎತ್ತರವಾಗಿ, ಸ್ವಲ್ಪ ಹೊರಗಾಗಿ. ದುಬ್ಲಾ ಮೈಯನ್ನು ಬಿಲ್ಲಿನಂತೆ ಬಾಗಿಸಿ ಹಿಡಿದ. ಹಿಡಿದು ಗೆರೆಯಾಚೆ ಬಿದ್ದ.

ಅಲ್ಲಿಗೆ ಮುಗಿಯಲಿಲ್ಲ. ಆ ಆಟದಲ್ಲಿ ಹಿಡಿದರೆ ಸಾಲದು, ಹೊರಗೆ ಬೀಳುವ ಮೊದಲು ಎರಡೂ ಪಾದ ಗೆರೆಯೊಳಗೆ ನೆಲ ಮುಟ್ಟಿರಬೇಕು. ರೆಫರಿಗಳು ಆಟ ನಿಲ್ಲಿಸಿ ದೃಶ್ಯವನ್ನು ನಿಧಾನ ಮಾಡಿ ನೋಡತೊಡಗಿದರು. ಬಲಗಾಲು ಒಳಗೆ. ಎಡಗಾಲಿನ ಹೆಬ್ಬೆರಳು ಗೆರೆಯ ಪಕ್ಕ ಎಲ್ಲೋ. ಫೋನಿನ ಚಿತ್ರ ಅಲ್ಲೇ ಗಕ್ಕನೆ ನಿಂತು ಸುತ್ತತೊಡಗಿತು.

"ಅಂದರ್ ಅದ," ಎಂದರು ಆಪಾ. ಒಳಗೇ ಇದೆ, ಎಂದು.

"ಕಾಣುವುದಿಲ್ಲ ಆಪಾ."

"ಅಂದರ್ ಅದ ಅಂತೀನಿ! ಹುಲ್ಲು ಹಾರಿದ್ದು ನೋಡಲಿಲ್ಲೇನು?"

ಫೋನನ್ನು ತಲೆಯ ಮೇಲೆ ಎತ್ತಿ ತಾರಸಿಯ ನಾಲ್ಕೂ ಮೂಲೆಗೆ ನಡೆದೆ. ಚಿತ್ರ ಮತ್ತೆ ಅಲುಗಾಡಿದಾಗ ದುಬ್ಲಾ ಗೆಳೆಯರ ಹೆಗಲ ಮೇಲಿದ್ದ. ಒಪ್ಪಿದ್ದರು. ನಾನು ತಳದಿಂದ ಒಂದು ಸ್ಥಾನ ಮೇಲೆ ಬಂದಿದ್ದೆ. ಆಪಾ ನನ್ನ ಕೆನ್ನೆ ಹಿಂಡಿ, ತಣ್ಣಗಾದ ಚಹಾವನ್ನು ತಾವೇ ಕುಡಿದರು.

ಸಂಜೆ ಶೈಲಾಳ ಫೋನು ಬಂತು. ಮೊದಲು ನಕ್ಕಳು, ಶುಭಾಶಯ ಹೇಳಿದಳು, ನಾದಿನಿ ಮುಖ ಊದಿಸಿಕೊಂಡದ್ದನ್ನು ವರ್ಣಿಸಿದಳು. ಆಮೇಲೆ ಸ್ವರ ಬದಲಾಯಿತು.

"ನಿಂಗೆ ಗೊತ್ತಿತ್ತಲ್ಲ, ಅವ ಒಳ್ಳೆಯವ ಅಂತ?"

"ಹ್ಞೂಂ."

"ಕೇಳಿದ್ನಲ್ಲ ನಾನು? ಮೊದಲು ನೀನು ನಮ್ಮಿಂದ ಎಂತದೂ ಅಡಗಿಸ್ತಿರ್ಲಿಲ್ಲ." ಸ್ವಲ್ಪ ತಡೆದು, "ನೀನು ಆ ಊರಿನವಳೇ ಆಗಿಬಿಟ್ಟೆ ನೋಡು," ಎಂದಳು.

ಈ ಕಡೆಯ ಜನರ ಜೊತೆ ಇರಲು ಕಲಿತೆ ಎಂದು ಹೆಮ್ಮೆಪಡಬೇಕೋ, ಅವಳ ಆ ತಡೆದ ಉಸಿರಿಗೆ ಅಳಬೇಕೋ ತಿಳಿಯಲಿಲ್ಲ. ಆ ಗುಂಪಿನಲ್ಲಿ ಉಳಿಯಲಿಕ್ಕೆಂದೇ ಆ ಗುಂಪಿನ ರೀತಿ ಬಿಟ್ಟಿದ್ದೆ. ಈಗ ನಾವು ಮೊದಲಿನಂತೆಯೇ ಮಾತಾಡುತ್ತೇವೆ. ಒಂದು ವ್ಯತ್ಯಾಸವಿದೆ. ನಾನು ಯಾರನ್ನಾದರೂ ಕೇಳಿದರೆ ಶೈಲಾ ಅವನ ಪಕ್ಕದವನನ್ನು ನೋಡುತ್ತಾಳೆ.

ಕಳೆದ ವಾರ ಇವರಿಗೆ ಊರ ಕಡೆ ವರ್ಗಾವಣೆ ಕೇಳಿಕೊಳ್ಳುವ ಅವಕಾಶ ಬಂದಿದೆ. ನಾವಿನ್ನೂ ತೀರ್ಮಾನಿಸಿಲ್ಲ. ಆಪಾಗೆ ನಾನು ಹೇಳಿರಲಿಲ್ಲ, ಆದರೆ ಅವರಿಗೆ ಹೇಗೋ ಗೊತ್ತಾಗಿದೆ. ನಿನ್ನೆ ರೊಟ್ಟಿ ಬಡಿಯುತ್ತಿದ್ದಾಗ ಮೇಲೆ ಬಂದು ಪಕ್ಕ ಕೂತರು. ಕಿಟಕಿಯ ಕಡೆ ನೋಡುತ್ತಾ, ದುಪಟ್ಟಾದ ಸೆರಗನ್ನು ನನ್ನ ಹಿಟ್ಟಿನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ನನ್ನ ಬೆರಳುಗಳನ್ನು ಹಿಡಿದರು.

"ಬಾಯಿಲೆ ಹೇಳಬ್ಯಾಡ್ರಿ ಬೇಟಿ. ಇನ್ನ ಎಷ್ಟು ವರ್ಷ?"

ತವೆಯ ಮೇಲಿನ ರೊಟ್ಟಿ ಉಬ್ಬಿ, ಒಂದು ಕಡೆ ಸೀಯತೊಡಗಿತು. ನಾನು ಅವರ ಬೆರಳು ಹಿಡಿದೆ. ಎಷ್ಟು ಬೆರಳು ಎಂದು ಅವರಿಗೆ ಗೊತ್ತಾಯಿತು, ಇಲ್ಲಿ ಬರೆಯಲಾರೆ. ಇದನ್ನು ಶೈಲಾ ಓದುತ್ತಾಳೆ, ಆಪಾಗೆ ಓದಿ ಹೇಳುವವರು ಅವರ ತಮ್ಮ. ಇಬ್ಬರೂ ಕೇಳಿಸಿಕೊಳ್ಳುವ ಬಜಾರು ಇದು.