ಗಾಜಿಗೆ ಮಸಿ ಹಿಡಿಸುತ್ತಿದ್ದ ಚಾಚಾ

ಬೆರಳೆಲ್ಲ ತೊಳೆದಿಟ್ಟಷ್ಟು ಸ್ವಚ್ಛ. ಎಡಗೈ ಹೆಬ್ಬೆರಳ ಉಗುರು ಮಾತ್ರ ಇದ್ದಿಲಿನಷ್ಟು ಕಪ್ಪು. ಗದಗಿನ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಲ್ಯಾಬಿನ ಜವಾನರು ಅವರು, ಎಲ್ಲರಿಗೂ ಚಾಚಾ. ಎಪ್ಪತ್ತರ ದಶಕದ ಕೊನೆಗೆ ನಾನಲ್ಲಿ ಹಂಗಾಮಿ ಡೆಮಾನ್‌ಸ್ಟ್ರೇಟರ್. ಹೆಣ್ಣುಮಕ್ಕಳಿಗೆ ಲ್ಯಾಬು ಒಗ್ಗುವುದಿಲ್ಲ ಎಂದು ಪ್ರಿನ್ಸಿಪಾಲರು ಎದುರಿಗೇ ಹೇಳಿದ್ದರು. ಆ ವರ್ಷ ನನ್ನ ಕೆಲಸ ಕಾಯಂ ಆಗಬೇಕಿತ್ತು.

ಚಾಚಾ ಮರಳಿನ ತಟ್ಟೆಯಲ್ಲಿ ಬಟ್ಟಲಿಟ್ಟು ಕರ್ಪೂರವನ್ನು ಮೆಲ್ಲಗೆ ಕಾಯಿಸಿ, ಎದ್ದ ಆವಿಗೆ ಕಡ್ಡಿ ಗೀರಿ, ಉರಿಯ ನೆತ್ತಿಯ ಹೊಗೆಯಲ್ಲಿ ಗಾಜಿನ ಪಟ್ಟಿಯನ್ನು ಆಡಿಸುತ್ತಿದ್ದರು. ಪ್ರಯೋಗದಲ್ಲಿ, ಬಡಿದಾಗ ಕಂಪಿಸುವ ಶ್ರುತಿಕವೆಗೆ ಕಟ್ಟಿದ ಕೂದಲು ಆ ಮಸಿಯ ಮೇಲೆ ಅಲೆ ಕೊರೆಯಬೇಕು. ಮಸಿ ದಪ್ಪವಾದರೆ ಕೂದಲು ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಗೆರೆ ಕಾಣುವುದಿಲ್ಲ. ಚಾಚಾ ಉಗುರಿನಿಂದ ಮೂಲೆ ಗೀರಿ, ಗಾಜನ್ನು ಬೆಳಕಿಗೆ ಹಿಡಿಯುವರು. “ಕಿಟಕಿ ಸರಳು ಕಾಣಬೇಕ್ರಿ, ಅದರಾಚಿ ಬೇವಿನ ಎಲಿ ಕಾಣಬಾರದು.” ನಾನು ಗಾಜು ಮುಟ್ಟಿದರೆ ನಗುವರು: “ಎಣ್ಣಿ ಕೈ ಆಗಂಗಿಲ್ರೀ ಬಾಯಾರ. ಅಂಚು ಹಿಡೀರಿ, ಗಾಜಿಗೂ ನಾಚಿಕಿ ಇರತೈತಿ.”

ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಅವರು ಮದುವೆಗೆಂದು ಲಕ್ಷ್ಮೇಶ್ವರಕ್ಕೆ ಹೋದರು. ಬೆಳಗ್ಗೆ ಬಂದು ಮಾಡುತ್ತೇನೆ ಎಂದಿದ್ದರು. ಬಸ್ಸು ತಪ್ಪಿದರೆ ಎಂದು ನನಗೆ ತಡೆಯಲಿಲ್ಲ. ಜಡೆಗೆ ಎಣ್ಣೆ ಹಚ್ಚಿದ ಕೈಯಲ್ಲೇ, ಸೆರಗಿನಿಂದ ಗಾಜು ಒರೆಸಿ, ಪರೀಕ್ಷೆಗೆ ಬೇಕಿದ್ದ ಹನ್ನೆರಡು ಪಟ್ಟಿಗೂ ಹೊಗೆ ಹಿಡಿಸಿಟ್ಟೆ. ಬೆಳಗಾಗುವಷ್ಟರಲ್ಲಿ ಮಸಿ ಹಪ್ಪಳದಂತೆ ಎದ್ದಿತ್ತು.

“ಯಾರ್ರೀ ಮಾಡಿದ್ದು ಇದನ್ನ?” ಹೊರಗಿನಿಂದ ಬಂದ ಪರೀಕ್ಷಕರು ಗುಡುಗಿದರು. ಬಸ್ಸಿಳಿದು ಆಗಷ್ಟೇ ಒಳಬಂದಿದ್ದ ಚಾಚಾ ಗಾಜು ನೋಡಿದರು, ನನ್ನ ಮುಖ ನೋಡಿದರು.

“ನಾನ ರೀ ಸರ್. ವಯಸ್ಸಾತು, ಕೈ ನಡುಗತಾವ.”

ನಾನು ನೆಲ ನೋಡುತ್ತ ನಿಂತೆ. ಪರೀಕ್ಷಕರು ಅದನ್ನೇ ಬರೆದುಕೊಂಡರು. ಚಾಚಾರನ್ನು ಲ್ಯಾಬಿನಿಂದ ತೆಗೆದು ಗಂಟೆ ಬಾರಿಸಲು ಹಾಕಿದರು. ನಾನು ಕಾಯಂ ಆದೆ. ಯಾಕೆ ಹಾಗೆ ಹೇಳಿದಿರಿ ಎಂದು ಒಮ್ಮೆ ಕೇಳಿದೆ. “ನಂದು ಮುಗಿಯಾಕ ಬಂದೈತಿ, ನಿಮ್ದು ಈಗ ಶುರು ಆಗೇತಿ. ಬಿಡ್ರಿ,” ಎಂದರು. ಮಳೆಗಾಲ ಮುಗಿಯುವುದರೊಳಗೆ ಆ ಉಗುರು ಬೆಳ್ಳಗಾಯಿತು.

ಕೆಲವು ವರ್ಷಗಳ ಮೇಲೆ ಚಾಚಾ ತೀರಿಕೊಂಡರು. ಬೆಟಗೇರಿಯ ಅವರ ಮನೆಗೆ ಹೋದಾಗ ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: “ಕೈ ನಡುಗತಾವಂತ ಕಾಲೇಜಿನ್ಯಾಗ ಬರದಿಟ್ಟಾರಂತ್ರೀ ಬಾಯಾರ. ಕಡೀತನಕ ನನಗ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದವರು ಅವರ.”

ಆಗಲೂ ನಾನು ನಿಜ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ: ಆ ಹನ್ನೆರಡು ಗಾಜಿಗೆ ಮಸಿ ಹಿಡಿಸಿದವಳು ನಾನು.