ಎಡಗೈಯವನ ಗೆರೆ

ಬಾದಾಮಿ ಕಡೆಯ ಈರವ್ವ ಬೀಸುವ ಕಲ್ಲು ಕಡೆಯುವವರ ಮಗಳು. ಮದುವೆಯಾಗುವ ತನಕ ಅಪ್ಪನ ಪಕ್ಕದಲ್ಲಿ ಕೂತು ಉಳಿ ಹಿಡಿದವಳು. 1996ರಲ್ಲಿ ಮಗ ನಿಜಗುಣನ ಜೊತೆ ಕಡಲಾಚೆಯ ಎಟೋಬಿಕೋ‌ಗೆ ಬಂದಮೇಲೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ತಟ್ಟಿ ನೋಡಿ, "ಮಷೀನ್ ಕೊರದದ್ದು" ಎಂದಿದ್ದಳು.

2003ರ ಬೇಸಿಗೆಯಲ್ಲಿ ಆಫೀಸಿನವರು ನಿಜಗುಣನನ್ನು ಮೂರು ವಾರ ವೇಲ್ಸಿನ ಸಣ್ಣ ಊರೊಂದಕ್ಕೆ ಕಳಿಸಿದರು. ಅವ್ವನನ್ನೂ ಕರೆದುಕೊಂಡು ಹೋದ. ಊರ ನಡುವೆ ಹೊಳೆ, ಅದರ ಮೇಲೆ ಮೂರು ಕಮಾನಿನ ಕಲ್ಲಿನ ಸೇತುವೆ. ಮುನ್ನೂರೈವತ್ತು ವರ್ಷದ್ದೆಂದು ಮಗ ಬೋರ್ಡು ಓದಿ ಹೇಳಿದ. ಈರವ್ವ ಸೀರೆ ಎತ್ತಿ ಕಟ್ಟಿ ದಂಡೆಗಿಳಿದಳು. ಕಮಾನಿನ ಕೆಳಗೆ ಹೋಗಿ ತಲೆಯೆತ್ತಿ ನಿಂತುಬಿಟ್ಟಳು. ಮೇಲೆ ಲಾರಿಯೊಂದು ಗುಡುಗುಡು ಹೋಯಿತು. ಒಂದು ಹರಳೂ ಉದುರಲಿಲ್ಲ.

"ಕೆಳಗ ಏನೂ ಆಸರ ಇಲ್ಲೋ ತಮ್ಮಾ. ಒಂದನ್ನೊಂದು ಒತ್ತಿ ಹಿಡಕೊಂಡು ನಿಂತಾವ."

ಗುಡಿಯೊಳಗೆ ಮಾತಾಡುವವರ ಹಾಗೆ ಅವಳ ದನಿ ಇಳಿದಿತ್ತು. ಒಳಗೋಡೆಯ ಕಲ್ಲುಗಳ ಮೇಲೆ ಉಳಿಯ ಗೆರೆಗಳು ಇನ್ನೂ ಉಳಿದಿದ್ದವು. ಬೆರಳಾಡಿಸುತ್ತ ಹೋದವಳು ಒಂದು ಕಡೆ ನಿಂತಳು.

"ಇದನ್ನ ಕಡದಾವ ಎಡಗೈಯವ. ಗೆರೀ ಎಲ್ಲಾ ಆಕಡೆ ವಾಲ್ಯಾವ ನೋಡು."

ಮೇಲೆ ಸೇತುವೆಯ ಅಂಚಿನ ಕೈಗೋಡೆ ರಿಪೇರಿ ಮಾಡುತ್ತಿದ್ದ ಮುದುಕ ಮೇಸ್ತ್ರಿಗೆ ನಿಜಗುಣ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಮೇಸ್ತ್ರಿ ಇಳಿದು ಬಂದು ತಾನೂ ಮುಟ್ಟಿ ನೋಡಿದ. ಮೂವತ್ತು ವರ್ಷದಿಂದ ಈ ಸೇತುವೆ ನೋಡಿಕೊಳ್ಳುತ್ತಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದ. ಆಮೇಲೆ ತನ್ನ ಉಳಿ, ಸುತ್ತಿಗೆ ಅವಳ ಕೈಗಿತ್ತು ಒಂದು ಕಲ್ಲು ತೋರಿಸಿದ.

ಎರಡು ದಿನ ಕೂತು ಈರವ್ವ ಆ ಕಲ್ಲನ್ನು ಹದ ಮಾಡಿದಳು. ಮೂರನೆಯ ದಿನ ಮೇಸ್ತ್ರಿ ಅದನ್ನು ಕೈಗೋಡೆಯಲ್ಲಿ ಕೂರಿಸಿದ. ಸೇತುವೆ ದಾಟುವಾಗ ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

ವಾಪಸು ಬಂದ ಭಾನುವಾರ ರಿಚ್ಮಂಡ್ ಹಿಲ್ ದೇವಸ್ಥಾನದಲ್ಲಿ ಊಟಕ್ಕೆ ಕೂತಾಗ ಗೆಳತಿ ಸುಶೀಲವ್ವ, "ಅಲ್ಲೇನ್ ನೋಡಿದಿ?" ಎಂದು ಕೇಳಿದಳು. ಈರವ್ವ ಸ್ಟೀಲ್ ಲೋಟವನ್ನು ಮಲಗಿಸಿ, ಅದರ ಮೇಲೆ ಪ್ರಸಾದದ ತೆಂಗಿನಕಾಯಿ ಚೂರುಗಳನ್ನು ಒತ್ತಿ ಜೋಡಿಸಿ, ಎರಡು ಬದಿಗೂ ಬಾಳೆಹಣ್ಣು ಆನಿಸಿದಳು. ಮೆಲ್ಲಗೆ ಲೋಟ ಎಳೆದಳು. ಪುಟ್ಟ ಕಮಾನು ಹಾಗೇ ನಿಂತಿತು. ಬಡಿಸುತ್ತಿದ್ದವರೂ ಸೌಟು ಹಿಡಿದು ನೋಡುತ್ತ ನಿಂತರು.